ಲಾರಿ ಎದ್ದು ನಿಲ್ಲುವ ಬಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

'ಟ್ರಾನ್ಸ್‌ಫಾರ್ಮರ್ಸ್' ಸಿನಿಮಾ ನೋಡಿ ನೀನು ಬರೆದಿದ್ದನ್ನೆಲ್ಲ ಓದಿದೆ. ಗಲ್ಲಿಯಲ್ಲಿ ಆ ಲಾರಿ ಬಂದು ನಿಂತು, ಕ್ಯಾಮೆರಾ ಹುಡುಗ ಹುಡುಗಿಯನ್ನು ಸುತ್ತುತ್ತಿರುವಾಗಲೇ ಆಪ್ಟಿಮಸ್ ಪ್ರೈಮ್ ಎಂಬ ರೋಬೋ ಆಗಿ ಏಳುವ ದೃಶ್ಯದ ಮೇಲೆ ನಿನಗೆ ಬಂದಿರುವ ಪ್ರೀತಿ ಸರಿಯಾದ ಜಾಗದಲ್ಲೇ ಬಿದ್ದಿದೆ. ಆ ಚಿತ್ರದ ಜೀವ ಇರುವುದು ಅಲ್ಲೇ. ನಮ್ಮ ಮನೆಯ ಸ್ಕೂಟರನ್ನೂ ಕಂಪ್ಯೂಟರಿನಲ್ಲಿ ಹಾಗೆ ಎಬ್ಬಿಸಿ ನಿಲ್ಲಿಸಬಹುದಾ ಅಂತ ಕೇಳಿದ್ದೀಯ. ಖಂಡಿತ ಆಗುತ್ತೆ. ಆದರೆ ಎಷ್ಟು ತುಂಡು, ಎಷ್ಟು ಕಿಡಿ ಅನ್ನುವುದಕ್ಕಿಂತ ಮೊದಲು ತೂಕದ ಲೆಕ್ಕ ಹಿಡಿ. ನೋಡುವವರ ಕಣ್ಣಿಗೆ ತೂಕ ಕಂಡರೆ ಉಳಿದದ್ದನ್ನು ಅವರೇ ನಂಬಿಕೊಳ್ಳುತ್ತಾರೆ.

2007ರ ಆ ಚಿತ್ರದಲ್ಲಿ ನಿರ್ದೇಶಕ ಮೈಕಲ್ ಬೇ ಹಾಕಿಕೊಂಡ ಕಟ್ಟುಪಾಡು ಏನೆಂದರೆ, ವಾಹನ ಎಷ್ಟು ಲೋಹದಿಂದ ಆಗಿದೆಯೋ ಅಷ್ಟರಲ್ಲೇ ರೋಬೋ ಆಗಬೇಕು. 1984ರ ಕಾರ್ಟೂನಿನಲ್ಲಿ ಪ್ರೈಮ್ ಮೂತಿಯಿಲ್ಲದ ಚಪ್ಪಟೆ ಮುಖದ ಲಾರಿ. ಚಿತ್ರದಲ್ಲಿ ಉದ್ದ ಮೂತಿಯ ಪೀಟರ್‌ಬಿಲ್ಟ್ 379. ಹಳೇ ಅಭಿಮಾನಿಗಳು ಇದಕ್ಕೆ ಬೇಜಾರು ಮಾಡಿಕೊಂಡರು, ಆದರೆ ಕಾರಣ ಗಟ್ಟಿಯಾಗಿದೆ. ಮೂತಿ ಇದ್ದಷ್ಟೂ ಕೈಗೆ ಬರುವ ಲೋಹ ಹೆಚ್ಚು, ಹಾಗಾಗಿ ಎದ್ದು ನಿಂತಾಗ ಸುಮಾರು 28 ಅಡಿ ಎತ್ತರ ದಕ್ಕುತ್ತೆ. ಎದೆಯಲ್ಲಿ ಮುಂದಿನ ಗಾಜು, ಭುಜದ ಹಿಂದೆ ಹೊಗೆ ಕೊಳವೆ, ಕಾಲಿನಲ್ಲಿ ಚಕ್ರ. ಲಾರಿಯಲ್ಲಿ ನೋಡಿದ್ದು ಮೈಮೇಲೆ ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಲೆಕ್ಕ ಸಿಗುತ್ತೆ.

ನಿನ್ನ ಸ್ಕೂಟರಿಗೂ ಇದೇ ಕಟ್ಟುಪಾಡು ಹಾಕಿಕೋ. ಅದು ಸುಮಾರು 110 ಕೆ.ಜಿ., ಉದ್ದ ಸುಮಾರು 1.8 ಮೀಟರ್. ಅಷ್ಟರಲ್ಲಿ 2.4 ಮೀಟರ್ ಎತ್ತರದ ರೋಬೋ ಮಾಡಬಹುದು, ಆದರೆ ಕೈಕಾಲು ಸಣಕಲಾಗಿಯೇ ಇರಬೇಕು. ಪೈಲ್ವಾನನ ತೊಡೆ ಮಾಡಿದೆಯೋ, ಈ ಸಾಮಾನೆಲ್ಲ ಎಲ್ಲಿಂದ ಬಂತು ಅಂತ ನೋಡುವವರು ಒಳಗೊಳಗೇ ಕೇಳಿಕೊಳ್ಳುತ್ತಾರೆ.

ಈಗ ತೂಕಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಮನುಷ್ಯನ ಎತ್ತರ, ಅಂದರೆ 1.7 ಮೀಟರಿನಿಂದ ಬಿದ್ದ ವಸ್ತು ನೆಲ ಮುಟ್ಟಲು 0.59 ಸೆಕೆಂಡ್ ಬೇಕು, ಅಂದರೆ 14 ಫ್ರೇಮ್. ಪ್ರೈಮ್ ಎತ್ತರದ 28 ಅಡಿ, ಅಂದರೆ 8.5 ಮೀಟರಿನಿಂದ ಬಿದ್ದರೆ 1.32 ಸೆಕೆಂಡ್, ಸುಮಾರು 32 ಫ್ರೇಮ್. ಎತ್ತರ ಐದು ಪಟ್ಟಾದರೆ ಸಮಯ ಐದು ಪಟ್ಟಾಗುವುದಿಲ್ಲ, ಐದರ ವರ್ಗಮೂಲದಷ್ಟು, ಅಂದರೆ 2.24 ಪಟ್ಟು ಆಗುತ್ತೆ. ನಡಿಗೆಗೂ ಇದೇ ಲೆಕ್ಕ. ಮನುಷ್ಯ ಒಂದು ಹೆಜ್ಜೆಗೆ 12 ಫ್ರೇಮ್ ತೆಗೆದುಕೊಂಡರೆ ಪ್ರೈಮ್‌ಗೆ 27 ಬೇಕು, ನಿನ್ನ ಸ್ಕೂಟರ್ ರೋಬೋಗೆ 14 ಸಾಕು. ಲೆಕ್ಕ ತಪ್ಪಿ ಪ್ರೈಮ್‌ಗೂ 12 ಕೊಟ್ಟರೆ ಅವನು ಮೇಜಿನ ಮೇಲಿನ ಆಟಿಕೆ ಆಗಿಬಿಡುತ್ತಾನೆ. ಚಿತ್ರದಲ್ಲೂ ಹೊಡೆದಾಟ ಬಿರುಸಾದ ಕಡೆ ಇದನ್ನು ಬಿಟ್ಟುಕೊಟ್ಟಿದ್ದಾರೆ. ಹೆದ್ದಾರಿಯಲ್ಲಿ ಉರುಳಾಡುವಾಗ ರೋಮಾಂಚನ ಆಗುತ್ತೆ ನಿಜ, ಆದರೆ ಗಲ್ಲಿಯಲ್ಲಿ ಅವನು ಬಗ್ಗಿ ಮುಖ ಹತ್ತಿರ ತಂದಾಗ ಆಗುವ ಎದೆ ನಡುಕ ಅಲ್ಲಿಲ್ಲ.

ಹೆಜ್ಜೆ ಊರುವುದನ್ನೂ ಬಿಡಿಸಿ ಮಾಡು. ಪಾದ ನೆಲ ಮುಟ್ಟಿದ ಫ್ರೇಮನ್ನು ಸೊನ್ನೆ ಅಂತ ಇಟ್ಟುಕೋ. ಮಂಡಿ 5ನೇ ಫ್ರೇಮಿನವರೆಗೆ ಬಗ್ಗಬೇಕು, ಎದೆ 8ರವರೆಗೆ ಇಳಿಯಬೇಕು, ಸಡಿಲವಾಗಿ ನೇತಾಡುವ ಕನ್ನಡಿ 14ರ ತನಕ ನಡುಗಬೇಕು. ಎಲ್ಲ ಒಟ್ಟಿಗೆ ನಿಂತರೆ ರಟ್ಟಿನ ಗೊಂಬೆ ಅನ್ನಿಸುತ್ತೆ.

ಚಿತ್ರದ ಪ್ರೈಮ್‌ಗೆ ಗ್ರಾಫಿಕ್ಸ್ ಮಾಡಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು ಕೊಟ್ಟಿದ್ದು 10,108 ಬಿಡಿಭಾಗ. ನೀನು 40ರಿಂದ ಶುರು ಮಾಡು. ಏಪ್ರನ್, ಅಂದರೆ ಕಾಲಿನ ಮುಂದಿನ ತಗಡು, ನಡುವೆ ಸೀಳಿ ಎದೆಯ ಎರಡು ಹೋಳಾಗಲಿ, ಸೀಟು ಉದ್ದಕ್ಕೆ ಎರಡಾಗಿ ಭುಜಕ್ಕೆ ಏರಲಿ, ಸೈಡ್ ಪ್ಯಾನಲ್ ಮೊಣಕಾಲಿನ ಕೆಳಗೆ ಇಳಿಯಲಿ, ಸೈಲೆನ್ಸರ್ ಬಲ ಮುಂಗೈ ಆಗಲಿ, ಎರಡು ಚಕ್ರವೂ ಬೆನ್ನಿಗೆ ಹೋಗಲಿ. ಹೆಡ್‌ಲೈಟನ್ನು ಮುಖದ ಹತ್ತಿರವೇ ಉಳಿಸು, ಕಣ್ಣು ಮೊದಲು ಹುಡುಕುವುದು ಅದನ್ನೇ.

ಬ್ಲೆಂಡರಿನಲ್ಲಿ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಮೊದಲ ಕೆಲಸ, ಪ್ರತಿ ತುಂಡಿನ ಆರಿಜಿನ್, ಅಂದರೆ ಅದು ತಿರುಗುವ ಬಿಂದುವನ್ನು, ಅದರ ಕೀಲು ಇರುವ ಜಾಗಕ್ಕೆ ತರುವುದು. ಡಿಕ್ಕಿ ಮುಚ್ಚಳ ಹಿಂಜಿನಲ್ಲಿ ತಿರುಗಬೇಕೇ ಹೊರತು ತನ್ನ ನಡುವಿನಲ್ಲಲ್ಲ. ಎರಡನೆಯದು, ಜೋಡಿಸುವ ಮೊದಲು ಎಲ್ಲ ತುಂಡಿಗೂ ಸ್ಕೇಲ್ ಅಪ್ಲೈ ಮಾಡುವುದು, ಅಂದರೆ ಹಿಗ್ಗಿಸಿದ ಅಳತೆಯನ್ನೇ ಅದರ ಮೂಲ ಅಳತೆ ಮಾಡುವುದು. ಒಂದು ಕಡೆ ಮಾತ್ರ ಎಳೆದು ಉದ್ದ ಮಾಡಿದ ತುಂಡಿಗೆ ಇನ್ನೊಂದನ್ನು ಪೇರೆಂಟ್ ಮಾಡಿ, ಅಂದರೆ ಅದರ ಜೊತೆಗೇ ಚಲಿಸುವಂತೆ ಕಟ್ಟಿ, ತಿರುಗಿಸಿದರೆ ಆ ಮರಿ ತುಂಡು ಓರೆಯಾಗಿ ಸೊಟ್ಟಗಾಗುತ್ತೆ. ಎಲ್ಲಿ ಕೆಟ್ಟಿತು ಅಂತ ಗಂಟೆಗಟ್ಟಲೆ ಹುಡುಕುತ್ತೀಯ, ಕೆಟ್ಟಿರುವುದು ಅಪ್ಲೈ ಮಾಡದ ಆ ಸ್ಕೇಲ್.

ಇಡೀ ಬದಲಾವಣೆಗೆ 72 ಫ್ರೇಮ್, ಅಂದರೆ ಮೂರು ಸೆಕೆಂಡ್ ಸಾಕು. ದೊಡ್ಡ ತುಂಡುಗಳು ಮೊದಲ 20 ಫ್ರೇಮಿನಲ್ಲಿ ಹೊರಡಲಿ. ಪ್ರತಿ ದೊಡ್ಡ ತುಂಡಿನ ಹಿಂದೆ ಅದಕ್ಕೆ ಸೇರಿದವು ಎರಡು ಮೂರು ಫ್ರೇಮ್ ತಡವಾಗಿ ಹೊರಡಲಿ. ಸಣ್ಣ ತಟ್ಟೆಗಳು ಕೊನೆಯಲ್ಲಿ ಟಕಟಕ ಕೂರಲಿ. ತುಂಡುಗಳು ಒಂದರೊಳಗೊಂದು ತೂರಿ ಹೋಗುವುದು ಎಲ್ಲರಿಗೂ ಬರುವ ತಾಪತ್ರಯ. ಅದಕ್ಕೆ ಗಾಬರಿ ಬೇಡ. ಚಿತ್ರದಲ್ಲೂ ಎಲ್ಲ ಶಾಟಿಗೂ ಒಂದೇ ಬದಲಾವಣೆ ಬಳಸಿಲ್ಲ, ಆಯಾ ಕ್ಯಾಮೆರಾ ಕೋನಕ್ಕೆ ಬೇಕಾದಂತೆ ಬೇರೆಬೇರೆ ಕಟ್ಟಿದ್ದಾರೆ. ಕ್ಯಾಮೆರಾಗೆ ಕಾಣದ ಕಡೆ ನಿಜ ಇರಬೇಕಾಗಿಲ್ಲ. ತೂರುವ ಜಾಗದ ಮುಂದೆ ಫುಟ್‌ಬೋರ್ಡ್ ಹಾಯುವ ಹಾಗೆ ಮಾಡಿದರೆ ಆಯಿತು.

ರೋಬೋ ಸೇರಿಸಬೇಕಾದ ಅಂಗಳದ ಶಾಟ್ ತೆಗೆಯುವಾಗ ಫೋನಿನ ಸ್ಟೆಬಿಲೈಸೇಶನ್ ಆಫ್ ಮಾಡು, ಅದು ಚಿತ್ರದ ಅಂಚನ್ನು ಎಳೆದಾಡಿ ಟ್ರ್ಯಾಕಿಂಗ್, ಅಂದರೆ ಗುರುತುಗಳ ಚಲನೆ ಹಿಂಬಾಲಿಸುವುದನ್ನು, ಕೆಡಿಸುತ್ತೆ. ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡು. ಫೋನಿನ ವಿಡಿಯೋದಲ್ಲಿ ಫ್ರೇಮ್ ರೇಟ್ ಏರಿಳಿಯುವುದರಿಂದ ಸ್ಥಿರವಾದ 24ಕ್ಕೆ ತಂದು, ಚಿತ್ರಗಳ ಸಾಲಾಗಿ ಬಿಡಿಸಿಕೊಂಡೇ ಬ್ಲೆಂಡರಿಗೆ ಹಾಕು. ಕ್ಯಾಮೆರಾ ಸಾಲ್ವ್ ಆಗಲು, ಅಂದರೆ ಫೋನು ಹೇಗೆ ಓಡಾಡಿತು ಅಂತ ಬ್ಲೆಂಡರ್ ಲೆಕ್ಕ ಹಾಕಲು, ಕನಿಷ್ಠ 8 ಗುರುತು ಬೇಕು, ನೀನು 20 ಹಿಡಿ. ಎಲ್ಲವೂ ಹಿಂದಿನ ಗೋಡೆಯ ಮೇಲೇ ಇದ್ದರೆ ಆಳ ಗೊತ್ತಾಗದೆ ರೋಬೋ ನೆಲದ ಮೇಲೆ ಜಾರುತ್ತೆ. ಅಂಗಳದ ಕಲ್ಲು, ರಂಗೋಲಿಯ ಚುಕ್ಕಿ, ತುಳಸಿ ಕಟ್ಟೆಯ ಮೂಲೆ ಹೀಗೆ ಹತ್ತಿರದ್ದು ದೂರದ್ದು ಎರಡೂ ಇರಲಿ. ಕ್ಯಾಮೆರಾ ನಿನ್ನ ಸೊಂಟದ ಎತ್ತರದಲ್ಲಿರಲಿ. ಕೆಳಗಿನಿಂದ ತಲೆಯೆತ್ತಿ ನೋಡಿದಾಗಲೇ ದೊಡ್ಡದು ದೊಡ್ಡದಾಗಿ ಕಾಣೋದು.

ಬೆಳಕಿನ ಮಾತು ಸ್ವಲ್ಪ ಹೆಚ್ಚು ಹೇಳಬೇಕು. ಲೋಹಕ್ಕೆ ತನ್ನದೇ ಬಣ್ಣ ಕಡಿಮೆ, ಅದು ಸುತ್ತಲಿನದನ್ನು ತೋರಿಸುತ್ತೆ. ಸುತ್ತ ಏನೂ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅದು ಕರ್ರಗೆ ಸತ್ತ ಹಾಗಿರುತ್ತೆ. ಸಿನಿಮಾದವರು ಹೊಳೆಯುವ ಕ್ರೋಮ್ ಚೆಂಡನ್ನು ಸ್ಥಳದಲ್ಲಿಟ್ಟು ಫೋಟೋ ತೆಗೆಯುತ್ತಾರೆ. ನೀನು ಅಡುಗೆಮನೆಯ ದೊಡ್ಡ ಸ್ಟೀಲ್ ಸೌಟನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಬೋರಲಾಗಿ ಹಿಡಿ. ಅದರ ಬೆನ್ನಿನಲ್ಲಿ ಇಡೀ ಅಂಗಳ ಕಾಣುತ್ತೆ: ಒಂದು ಮೂಲೆಯಲ್ಲಿ ಸೂರ್ಯ ಸೂಜಿಮೊನೆಯ ಹಾಗೆ, ಕೆಳಗೆ ಗೇಟು ಬಿಲ್ಲಿನಂತೆ ಬಾಗಿ, ಪಕ್ಕದಲ್ಲಿ ತೆಂಗಿನ ಗರಿ. ಕತ್ತಲಿನಿಂದ ಬೆಳಕಿಗೆ ಎರಡೆರಡು ಸ್ಟಾಪ್ ಬಿಟ್ಟು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) 5 ಫೋಟೋ ತೆಗೆದು ಒಂದು ಮಾಡಿಕೊಂಡು, ಬ್ಲೆಂಡರಿನಲ್ಲಿ ರೋಬೋ ಸುತ್ತಲೂ ಅದನ್ನೇ ಹಾಸು. ಸೌಟು ಪೂರ್ತಿ ಗೋಳ ಅಲ್ಲದ್ದರಿಂದ ಪ್ರತಿಬಿಂಬ ಸ್ವಲ್ಪ ಸೊಟ್ಟ ಇರುತ್ತೆ, ಓಡಾಡುವ ಲೋಹದ ಮೇಲೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೂರ್ಯನ ಪ್ರಖರತೆ ಅದರಲ್ಲಿ ಸಿಕ್ಕುವುದಿಲ್ಲ, ನೆರಳು ಮಂಕಾಗುತ್ತೆ. ಅದಕ್ಕೆ ಬ್ಲೆಂಡರಿನ ಸೂರ್ಯನ ದೀಪ, ಸನ್ ಲ್ಯಾಂಪ್, ಬೇರೆ ಇಡು. ಕೋನಕ್ಕೆ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆ. ನೆರಳೂ ಒಂದು ಮೀಟರ್ ಇದ್ದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ.

ಚಿತ್ರದಲ್ಲಿ ಬೋನ್‌ಕ್ರಷರ್ ಎಂಬ ಖಳ ರೋಬೋ ಬಸ್ಸನ್ನು ಸೀಳಿಕೊಂಡು ನುಗ್ಗುತ್ತಾನಲ್ಲ, ಅಲ್ಲಿ ನಿಜವಾದ ಬಸ್ಸನ್ನೇ ಎರಡು ಹೋಳು ಮಾಡಿ, ರೋಬೋವನ್ನು ಆಮೇಲೆ ಸೇರಿಸಿದ್ದಾರೆ. ಕಂಪ್ಯೂಟರಿನದು ನಿಜವಾದದ್ದನ್ನು ಮುಟ್ಟಿದಾಗ ನಂಬಿಕೆ ಬರುತ್ತೆ. ನೀನು ಅಂಗಳದಲ್ಲಿ ಬಕೆಟ್ ತುಂಬ ನೀರಿಡು. ರೋಬೋ ಹೆಜ್ಜೆ ಊರುವ ಹೊತ್ತಿಗೆ ಫ್ರೇಮಿನಾಚೆಯಿಂದ ಯಾರಾದರೂ ಬಕೆಟ್ಟಿಗೆ ಕಾಲಿನಿಂದ ಮೆಲ್ಲಗೆ ತಟ್ಟಲಿ. ನೀರಿನ ಮೇಲಿನ ಆ ಉಂಗುರ ನಿನ್ನ 40 ತುಂಡಿಗಿಂತ ಹೆಚ್ಚು ಕೆಲಸ ಮಾಡುತ್ತೆ.

ರೆಂಡರ್, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರ ಬಿಡಿಸುವುದು, ತಡ ಅಂತ ಬೇಸರಿಸಬೇಡ. ಆ ಚಿತ್ರದ ಒಂದು ಫ್ರೇಮಿಗೆ 38 ಗಂಟೆ ಹಿಡಿದಿದ್ದೂ ಉಂಟು. ಒಂದೇ ಯಂತ್ರದಲ್ಲಿ ಅಂಥ 24 ಫ್ರೇಮ್ ಮಾಡಿದರೆ ಒಂದು ಸೆಕೆಂಡಿಗೆ 38 ದಿನ. ನಿನ್ನದು ಫ್ರೇಮಿಗೆ 4 ನಿಮಿಷದಂತೆ 72ಕ್ಕೆ ಐದು ಗಂಟೆಯೊಳಗೆ ಮುಗಿಯುತ್ತೆ. ನೇರ ವಿಡಿಯೋ ಮಾಡದೆ ಒಂದೊಂದೇ ಪಿಎನ್‌ಜಿ ಚಿತ್ರವಾಗಿ ಉಳಿಸು. 60ನೇ ಫ್ರೇಮಿನಲ್ಲಿ ಕರೆಂಟ್ ಹೋದರೂ 60ರಿಂದಲೇ ಮುಂದುವರಿಸಬಹುದು. ಸ್ಯಾಂಪಲ್, ಅಂದರೆ ಪ್ರತಿ ಚುಕ್ಕಿಗೆ ಬೆಳಕಿನ ಲೆಕ್ಕ ಹಾಕುವ ಸಲ, 128ಕ್ಕಿಂತ ಇಳಿಸಬೇಡ, ಕಡಿಮೆಯಾದರೆ ಡಿನಾಯ್ಸ್ ಮಾಡಿದ, ಅಂದರೆ ಕಾಳುಕಾಳು ಅಳಿಸಿದ ಜಾಗ ಫ್ರೇಮಿನಿಂದ ಫ್ರೇಮಿಗೆ ಮಿಣಮಿಣ ಅನ್ನುತ್ತೆ. ಓಡುವ ವಸ್ತು ಮಸುಕಾಗಿ ಕಾಣಿಸುವ ಮೋಶನ್ ಬ್ಲರ್‌ನ ಶಟರ್ 0.5 ಇರಲಿ.

ಶಬ್ದಕ್ಕೆ ಅಂಗಡಿಯ ರೋಲಿಂಗ್ ಶಟರ್ ಎಳೆಯುವುದನ್ನು ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸು, ದನಿ ಒಂದು ಸ್ಥಾಯಿ ಕೆಳಗಿಳಿದು ಭಾರವಾಗುತ್ತೆ.

ಬಂಬಲ್‌ಬೀ ಎಂಬ ರೋಬೋವನ್ನು ಕಾರ್ಟೂನಿನ ಹಳದಿ ಬೀಟಲ್ ಕಾರು ಬಿಟ್ಟು ಕಮಾರೊ ಕಾರು ಮಾಡಿದ್ದು ಯಾಕೆ ಅಂತಲೂ ಕೇಳಿದ್ದೀಯ. ಬೀಟಲ್ ಅಂದರೆ ಜನಕ್ಕೆ ಹಳೇ ಹಾಸ್ಯಚಿತ್ರದ ಕಾರು ನೆನಪಾಗುತ್ತೆ ಅಂತ ಬೇ ಒಪ್ಪಲಿಲ್ಲ. 2018ರಲ್ಲಿ ಬಂದ 'ಬಂಬಲ್‌ಬೀ' ಚಿತ್ರದಲ್ಲಿ ಬಂಬಲ್‌ಬೀ ಮತ್ತೆ ಬೀಟಲ್ ಆದ. ಅದನ್ನು ತಪ್ಪದೆ ನೋಡು. ತುಂಡು ಕಡಿಮೆ, ಬಣ್ಣ ದಟ್ಟ, ಯಾರ ಕೈ ಯಾರ ಕಾಲು ಅಂತ ಹೊಡೆದಾಟದಲ್ಲೂ ತಿಳಿಯುತ್ತೆ. 2007ರದ್ದರಲ್ಲಿ ಬೂದು ರೋಬೋಗಳು ಬೂದು ಕಟ್ಟಡಗಳ ಮುಂದೆ ಕಲಸಿಹೋಗುವುದು ನನಗೆ ಇವತ್ತಿಗೂ ಸಂಕಟ. ನಿನ್ನ ಸ್ಕೂಟರ್ ಕೆಂಪಗಿರುವುದು ಒಳ್ಳೆಯದೇ ಆಯಿತು, ಹಿಂದೆ ಸುಣ್ಣದ ಗೋಡೆ ಬರುವ ಹಾಗೆ ನಿಲ್ಲಿಸು.

ಶಾಟನ್ನು ಭಾನುವಾರ ಬೆಳಿಗ್ಗೆ 8ರೊಳಗೆ ತೆಗೆದುಬಿಡು. ಆಮೇಲೆ ಬಿಸಿಲು ಮೇಲೇರಿ ನೆರಳು ಮೋಟಾಗುತ್ತೆ. ಸೌಟಿನ ಫೋಟೋ, ಕೋಲಿನ ಅಳತೆ ಎರಡನ್ನೂ ಅದೇ ಹೊತ್ತಿನಲ್ಲಿ ಮುಗಿಸು, ಮತ್ತು ಮೊದಲ 14 ಫ್ರೇಮಿನ ಹೆಜ್ಜೆ ಮಾತ್ರ ಮಾಡಿ ನನಗೆ ಕಳಿಸು.

ನಿನ್ನ
ಅಮ್ಮ