ಶನಿವಾರ ಬೆಳಿಗ್ಗೆ ಹಕ್ಕಿ, ಹುಳ, ಹೂ ನೋಡಲು

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ಶನಿವಾರದಿಂದ ನಾಲ್ಕರಿಂದ ಏಳನೇ ತರಗತಿಯ ಮಕ್ಕಳನ್ನು ಹಕ್ಕಿ, ಹುಳ, ಕಾಡುಹೂ ನೋಡಲು ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ 6.30ಕ್ಕೆ ಗೇಟಿನ ಹತ್ತಿರ ಸೇರುವುದು, 8 ಗಂಟೆಗೆ ವಾಪಸ್. ದೂರವೇನೂ ಇಲ್ಲ. ಶಾಲೆಯ ಹಿಂದಿನ ಖಾಲಿ ಜಾಗ, ಅದರ ಸುತ್ತಲಿನ ಬೇಲಿ, ಅಷ್ಟೇ.

"ಅಷ್ಟು ಬೇಗ ಯಾಕೆ, ಹತ್ತು ಗಂಟೆಗೆ ಹೋದರೆ ಆಗಲ್ವಾ?" ಎಂದು ಕೆಲವರು ಕೇಳಿದ್ದೀರಿ. ಶನಿವಾರವಾದರೂ ಮಕ್ಕಳು ಚೆನ್ನಾಗಿ ಮಲಗಲಿ ಅನ್ನುವ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಹಕ್ಕಿಗಳು ಜಾಸ್ತಿ ಹಾಡುವುದು ಬೆಳಕು ಹರಿಯುವ ಹೊತ್ತಿನಲ್ಲಿ. ಆಗ ಗಾಳಿ ಕಡಿಮೆ, ಗದ್ದಲ ಕಡಿಮೆ, ದನಿ ದೂರದವರೆಗೂ ಕೇಳಿಸುತ್ತದೆ. ಬಿಸಿಲೇರಿದ ಮೇಲೆ ಅವು ನೆರಳು ಸೇರಿ ಸುಮ್ಮನಾಗುತ್ತವೆ. ಇನ್ನು ಹುಳಗಳು. ರಾತ್ರಿಯ ತಂಪಿಗೆ ಅವುಗಳ ಮೈಯೂ ತಣ್ಣಗಾಗಿರುತ್ತದೆ. ಬಿಸಿಲು ಬಿದ್ದು ಮೈ ಬೆಚ್ಚಗಾಗುವ ತನಕ ಚಿಟ್ಟೆಗಳಿಗೆ ಸರಿಯಾಗಿ ಹಾರಲು ಆಗುವುದಿಲ್ಲ. ಹತ್ತಿರ ಕೂತು ನೋಡಬೇಕೆಂದರೆ ಬೆಳಿಗ್ಗೆಯೇ ಹೋಗಬೇಕು.

ಹೋದ ವಾರ ಐದನೇ ತರಗತಿಯ ಹತ್ತು ಮಕ್ಕಳ ಜೊತೆ ನಾನೇ ಹೋಗಿಬಂದೆ. ಹುಲ್ಲುಕಡ್ಡಿಯೊಂದಕ್ಕೆ ಏರೋಪ್ಲೇನ್ ಚಿಟ್ಟೆ ಅಂಟಿಕೊಂಡು ಕೂತಿತ್ತು. ಹೆಸರಿಗೆ ಚಿಟ್ಟೆ, ನಿಜಕ್ಕೂ ಅದು ಡ್ರ್ಯಾಗನ್‌ಫ್ಲೈ. ನಾಲ್ಕೂ ರೆಕ್ಕೆಗಳ ತುಂಬ ಇಬ್ಬನಿ, ಸಾಸಿವೆಗಿಂತ ಸಣ್ಣ ಸಣ್ಣ ಹನಿಗಳು. "ಮಿಸ್, ಸತ್ತೋಗಿದೆ" ಎಂದ ಒಬ್ಬ ಹುಡುಗ. ಮುಟ್ಟಬೇಡ, ಕಾಯೋಣ ಎಂದೆ. ಸ್ವಲ್ಪ ಹೊತ್ತಿಗೆ ಬಿಸಿಲು ಬೇಲಿ ದಾಟಿ ಹುಲ್ಲಿನ ಮೇಲೆ ಬಿತ್ತು. ಹನಿಗಳು ಒಂದೊಂದಾಗಿ ಆರಿದವು. ಅದು ಮುಂಗಾಲಿನಿಂದ ಕಣ್ಣು ಒರೆಸಿಕೊಂಡಿತು. ಆಮೇಲೆ ಕೂತಲ್ಲೇ ರೆಕ್ಕೆಗಳನ್ನು ಗಡಗಡ ನಡುಗಿಸತೊಡಗಿತು. ಪಾಪ, ಚಳಿ ಅಂದುಕೊಂಡರು ಮಕ್ಕಳು. ಹಾಗೆ ನಡುಗಿಸಿಯೇ ಅದು ಹಾರುವ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುವುದು. ನೋಡನೋಡುತ್ತಿದ್ದಂತೆ ಎದ್ದು ಹೋಯಿತು. ಅಲ್ಲಿಯವರೆಗೆ ಹತ್ತು ಮಕ್ಕಳೂ ಕುಕ್ಕರುಗಾಲಲ್ಲಿ ಕೂತಿದ್ದರು. ಸುಮ್ಮನಿರಿ ಎಂದು ನಾನು ಒಮ್ಮೆಯೂ ಹೇಳಬೇಕಾಗಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮಗು ಮನೆಗೆ ಬಂದು "ಕಪ್ಪು ಬಿಳಿ ಹಕ್ಕಿ ನೋಡಿದೆ, ಬಾಲ ಎತ್ತಿಕೊಂಡು ಹಾಡ್ತಿತ್ತು" ಎಂದರೆ ತಕ್ಷಣ ಫೋನ್ ತೆಗೆದು ಹೆಸರು ಹುಡುಕಿಕೊಡಬೇಡಿ. ಅದು ಮಡಿವಾಳ ಹಕ್ಕಿ ಎಂದು ನಿಮಗೆ ಗೊತ್ತಿದ್ದರೂ ಸ್ವಲ್ಪ ತಡೆಯಿರಿ. ಕೊಕ್ಕು ಹೇಗಿತ್ತು, ಎಲ್ಲಿ ಕೂತಿತ್ತು, ಒಂದೇ ಇತ್ತಾ ಜೋಡಿ ಇತ್ತಾ ಎಂದು ಕೇಳಿ. ನೆಲದ ಮೇಲೆ ಗುಬ್ಬಿ ಕುಪ್ಪಳಿಸುತ್ತದೆ, ಮೈನಾ ಹೆಚ್ಚಾಗಿ ಹೆಜ್ಜೆ ಹಾಕಿ ನಡೆಯುತ್ತದೆ. ಎರಡರ ಹೆಸರೂ ಗೊತ್ತಿರುವ ನಾವು ಇದನ್ನು ಎಷ್ಟು ಜನ ಗಮನಿಸಿದ್ದೇವೆ? ಹೆಸರು ಸಿಕ್ಕ ಕೂಡಲೇ ಮಕ್ಕಳು ನೋಡುವುದನ್ನು ನಿಲ್ಲಿಸಿಬಿಡುತ್ತಾರೆ. ಇಷ್ಟು ವರ್ಷ ಪಾಠ ಮಾಡಿ ನಾನು ಕಂಡಿದ್ದು ಇದು. ಹೆಸರು ಖಂಡಿತ ಬೇಕು, ಆದರೆ ಆಮೇಲೆ. ಮೊದಲು ಅವರೇ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಲಿ. ಚಿತ್ರ ಚೆನ್ನಾಗಿರಲೇಬೇಕು ಅಂತ ಏನಿಲ್ಲ.

ಹೂವಿನದೂ ಅದೇ ಕಥೆ. ಬೇಲಿಯ ಲಂಟಾನ ಬರೀ ಕಳೆ ಅನ್ನುತ್ತೇವೆ. ಕಳೆ ಹೌದು, ಅಮೆರಿಕ ಖಂಡದಿಂದ ಬಂದು ಎಷ್ಟೋ ಕಾಡುಗಳನ್ನು ಮುತ್ತಿಕೊಂಡಿರುವ ಗಿಡ. ಆದರೆ ಒಂದೇ ಗೊಂಚಲಿನಲ್ಲಿ ಎರಡು ಬಣ್ಣ ಯಾಕೆ? ಹೊಸದಾಗಿ ಅರಳಿದ ಹೂ ಹಳದಿ, ಹಳೆಯದಾದಂತೆ ಅದೇ ಗುಲಾಬಿಗೆ ತಿರುಗುತ್ತದೆ. ಮಕರಂದ ಜಾಸ್ತಿ ಇರುವುದು ಹಳದಿಯಲ್ಲಿ. ಚಿಟ್ಟೆ ಯಾವ ಬಣ್ಣದ ಹೂವಿಗೆ ಎಷ್ಟು ಸಲ ಹೋಯಿತು ಎಂದು ಎಣಿಸುವುದು ಆರನೇ ತರಗತಿಯವರ ಕೆಲಸ. ನಿಮಗೆ ಹೇಳಿದ್ದೇನೆ, ದಯವಿಟ್ಟು ಅವರಿಗೆ ಹೇಳಬೇಡಿ! ನಾಲ್ಕನೇ ತರಗತಿಯವರು ಮುಟ್ಟಿದರೆ ಮುನಿಯ ಎಲೆ ಮುಚ್ಚಿ ಮತ್ತೆ ಬಿಚ್ಚಲು ಎಷ್ಟು ನಿಮಿಷ ಬೇಕು ಎಂದು ಗಡಿಯಾರ ಹಿಡಿದು ನೋಡುತ್ತಾರೆ.

ಹೂ ಕೀಳುವುದಿಲ್ಲ, ಹುಳ ಹಿಡಿಯುವುದಿಲ್ಲ, ಗೂಡಿನ ಹತ್ತಿರ ಹೋಗುವುದಿಲ್ಲ. ಇದರಲ್ಲಿ ನಾನು ಕಟ್ಟುನಿಟ್ಟು. ಟಿಟ್ಟಿಭ ಹಕ್ಕಿ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ಕಲ್ಲುಗಳ ನಡುವೆ ಅದೂ ಕಲ್ಲಿನ ಹಾಗೇ ಕಾಣುತ್ತದೆ, ತುಳಿದರೂ ಗೊತ್ತಾಗುವುದಿಲ್ಲ. ಅದು ನಮ್ಮ ತಲೆಯ ಮೇಲೆ ಹಾರಾಡುತ್ತಾ ಕಿರುಚಿದರೆ ಬಂದ ದಾರಿಯಲ್ಲೇ ವಾಪಸ್ ಬರುತ್ತೇವೆ.

ಕಳೆದ ವರ್ಷ ನಲವತ್ತು ಮಕ್ಕಳನ್ನು ಒಟ್ಟಿಗೇ ಕರೆದುಕೊಂಡು ಹೋಗಿದ್ದು ನಮ್ಮ ತಪ್ಪು. ಸದ್ದಿಗೆ ಹಕ್ಕಿಗಳು ಹಾರಿಹೋದವು, ಹಿಂದೆ ಇದ್ದವರಿಗೆ ಏನೂ ಕಾಣಲಿಲ್ಲ. ಈ ಸಲ ಹತ್ತು ಹತ್ತು ಮಕ್ಕಳ ಗುಂಪು. ಪ್ರತಿ ಗುಂಪಿಗೂ ಒಬ್ಬ ಶಿಕ್ಷಕರ ಜೊತೆ ಇಬ್ಬರು ಪೋಷಕರು ಬೇಕು. ನಿಮಗೆ ಹಕ್ಕಿಗಳ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಕ್ಕಳೇ ತೋರಿಸುತ್ತಾರೆ.

ಕಾಲು ಪೂರ್ತಿ ಮುಚ್ಚುವ ಶೂ, ಉದ್ದ ಪ್ಯಾಂಟು, ಮಣ್ಣಿನ ಬಣ್ಣದ ಅಥವಾ ಹಸಿರು ಬಟ್ಟೆ, ನೀರು, ಪೆನ್ಸಿಲ್ ಇದ್ದರೆ ಸಾಕು. ಫೋನ್ ಬೇಡ. ಜೇನು ಅಥವಾ ಇರುವೆ ಕಚ್ಚಿದರೆ ಮಗುವಿಗೆ ಅಲರ್ಜಿ ಆಗುತ್ತದೆ ಎಂದಾದರೆ ತರಗತಿ ಶಿಕ್ಷಕರಿಗೆ ಮರೆಯದೆ ಬರೆದು ಕೊಡಿ.

ಇನ್ನೊಂದು ಆಸೆ ಇದೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ 1998ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾಯಿತು. 2013ರಿಂದ ಅದರಲ್ಲಿ ಯಾವ ದೇಶದವರೂ ಸೇರಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿ, ಕಂಡ ಹಕ್ಕಿಗಳ ಪಟ್ಟಿ ಕೊಟ್ಟರಾಯಿತು. ಬರುವ ಫೆಬ್ರವರಿಯಲ್ಲಿ ನಮ್ಮ ಮಕ್ಕಳ ಪಟ್ಟಿಯೂ ಅದರಲ್ಲಿ ಇರಬೇಕು.

ಜೊತೆಗೆ ಬರಲು ಆಗುವವರು ಕೆಳಗಿನ ಚೀಟಿಯಲ್ಲಿ ಹೆಸರು ಬರೆದು ಗುರುವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ