ಗಾಲ್ಫ್ ಕ್ಲಬ್: ಹದಿನಾಲ್ಕು ಬೇಡ, ಏಳು ಸಾಕು

ಮಾನ್ಯ ಸಂಪಾದಕರೇ,

ಗಾಲ್ಫ್ ದುಡ್ಡಿದ್ದವರ ಆಟ ಎಂಬ ಮಾತು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಳೆಯದು. ಸದಸ್ಯತ್ವ, ಮೈದಾನದ ಶುಲ್ಕದ ಮಟ್ಟಿಗೆ ಅದನ್ನು ಅಲ್ಲಗಳೆಯುವಂತಿಲ್ಲ. ಕ್ಲಬ್‌ಗಳ ಮಟ್ಟಿಗೆ ಮಾತ್ರ ಅದು ಅರ್ಧ ಸತ್ಯ. ಕ್ಲಬ್ ಎಂದರೆ ನಮ್ಮೂರಲ್ಲಿ ಸಂಜೆ ಇಸ್ಪೀಟ್ ಆಡುವ ಜಾಗ. ಇಲ್ಲಿ ಹೇಳುತ್ತಿರುವುದು ಚೆಂಡು ಹೊಡೆಯುವ ಕೋಲಿನ ವಿಷಯ. ಹೊಸದಾಗಿ ಕಲಿಯಹೊರಟವರು ಕಳೆದುಕೊಳ್ಳುವ ದುಡ್ಡಿನಲ್ಲಿ ಬಹುಪಾಲು ತಮ್ಮ ಮೈಗೂ ಕೈಗೂ ಹೊಂದದ ಸೆಟ್‌ಗೆ ಹೋಗುತ್ತದೆ. ಹೆಸರಾಂತ ಕಂಪನಿಯ ಹೊಸ ಪೂರ್ತಿ ಸೆಟ್ ಲಕ್ಷ ರೂಪಾಯಿ ದಾಟುತ್ತದೆ. ಅಳತೆ ಕೊಡದೆ ಸೂಟು ಹೊಲಿಸಿಕೊಂಡ ಹಾಗೆ ಅದನ್ನು ಕೊಂಡು, ಆರು ತಿಂಗಳಿಗೆ ಆಟವನ್ನೇ ಬಿಡುತ್ತಾರೆ.

ಮೊದಲು ಸಂಖ್ಯೆಯ ಗೊಂದಲ. ಚೀಲದಲ್ಲಿ 14 ಕ್ಲಬ್ ಇರಬಹುದು ಎಂದು ನಿಯಮ ಹೇಳುತ್ತದೆ, ಇರಲೇಬೇಕು ಎಂದಲ್ಲ. ಅದಕ್ಕಿಂತ ಹೆಚ್ಚು ಹೊತ್ತರೆ ದಂಡವಾಗಿ ಲೆಕ್ಕಕ್ಕೆ ಹೆಚ್ಚುವರಿ ಹೊಡೆತ ಸೇರುತ್ತದೆ, ಕಡಿಮೆಯಿದ್ದರೆ ಕೇಳುವವರಿಲ್ಲ. ಈ ಮಿತಿ ಬಂದದ್ದು ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ ಅದರ ಮರುವರ್ಷ. ಅಲ್ಲಿಯವರೆಗೆ ಇಪ್ಪತ್ತು, ಇಪ್ಪತ್ತೈದು ಹೊತ್ತು ತಿರುಗುವವರಿದ್ದರು. ಕಲಿಯುವವರಿಗೆ ಏಳು ಸಾಕು: ದೂರದ ಹೊಡೆತಕ್ಕೆ ದಪ್ಪ ತಲೆಯ 5-ವುಡ್, ಮುಖದ ಓರೆ 24 ಡಿಗ್ರಿ ಆಸುಪಾಸಿನ ಒಂದು ಹೈಬ್ರಿಡ್ (ವುಡ್, ಐರನ್ ಎರಡರ ನಡುವಿನದು), ತೆಳು ಲೋಹದ ತಲೆಯ 7 ಮತ್ತು 9 ಐರನ್, ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಜ್, ಮರಳಿನಿಂದ ಎತ್ತಲು ಸ್ಯಾಂಡ್ ವೆಜ್, ಚೆಂಡನ್ನು ಕುಳಿಗೆ ಉರುಳಿಸಲು ಪಟರ್. ಎಲ್ಲಕ್ಕಿಂತ ದೂರ ಹೊಡೆಯುವ ಡ್ರೈವರ್ ಎಲ್ಲಿ ಎಂದು ಅಂಗಡಿಯವರು ಕೇಳುತ್ತಾರೆ. ಅದು ಚೀಲದಲ್ಲೇ ಉದ್ದನೆಯ ಕ್ಲಬ್, 45 ಅಂಗುಲಕ್ಕೂ ಹೆಚ್ಚು. ಮುಖದ ಓರೆ ಕೇವಲ ಹತ್ತು ಡಿಗ್ರಿಯಷ್ಟು. ಓರೆ ಕಡಿಮೆಯಾದಷ್ಟೂ ಹೊಡೆತದ ಸಣ್ಣ ತಪ್ಪು ಕೂಡ ಚೆಂಡನ್ನು ಅಡ್ಡ ತಿರುಗಿಸುತ್ತದೆ, ಚೆಂಡು ಕಾಫಿ ತೋಟ ಸೇರುತ್ತದೆ. 18 ಡಿಗ್ರಿಯ 5-ವುಡ್ ಇಪ್ಪತ್ತು ಗಜ ಕಡಿಮೆ ಹೋದರೂ ಹುಲ್ಲಿನ ಮೇಲೇ ಇರುತ್ತದೆ. ವರ್ಷ ಕಳೆದ ಮೇಲೆ ಡ್ರೈವರ್ ಬೇಕೆನಿಸಿದರೆ 10.5ರಿಂದ 12 ಡಿಗ್ರಿಯದ್ದನ್ನು ನೋಡಿ. 9 ಡಿಗ್ರಿಯದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಹಳೇ ಸೆಟ್ಟಿನ ಜೊತೆ ಬರುವ 3, 4 ಐರನ್‌ಗೂ ದುಡ್ಡು ಕೊಡಬೇಡಿ. ಅವನ್ನು ಗಾಳಿಗೆ ಎತ್ತಲು ಬೇಕಾದ ವೇಗ ಹೊಸಬರ ಕೈಯಲ್ಲಿ ಇರುವುದಿಲ್ಲ.

ಬಿಡಿಬಿಡಿಯಾಗಿ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ: ಕ್ಲಬ್ಬಿನ ಮೇಲಿನ ಅಂಕಿಯನ್ನು ನಂಬುತ್ತಾರೆ, ಲಾಫ್ಟ್ ಕೇಳುವುದಿಲ್ಲ. ಮುಖದ ಓರೆಯೇ ಲಾಫ್ಟ್. ಚೆಂಡು ಎಷ್ಟು ಎತ್ತರ, ಎಷ್ಟು ದೂರ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದು. ಐರನ್‌ನ ಅಂಕಿ ದೊಡ್ಡದಾದಷ್ಟೂ ಲಾಫ್ಟ್ ಹೆಚ್ಚು, ದೂರ ಕಡಿಮೆ. ಹಿಂದೆ 7 ಐರನ್ ಎಂದರೆ 34, 35 ಡಿಗ್ರಿ. ಈಗಿನ ಆರಂಭಿಕರ ಐರನ್‌ಗಳಲ್ಲಿ ಅದು 28, 30ಕ್ಕೆ ಇಳಿದಿದೆ. 'ನಮ್ಮ ಸೆವೆನ್ ಐರನ್ ದೂರ ಹೋಗುತ್ತದೆ' ಎಂಬ ಜಾಹೀರಾತಿನ ಗುಟ್ಟಿನಲ್ಲಿ ಒಂದು ಪಾಲು ಇದೇ: ಹಳೇ ಲೆಕ್ಕದ 5 ಐರನ್‌ಗೆ 7 ಎಂದು ಬರೆದಿದ್ದಾರೆ. ಹೀಗಾಗಿ ಒಂದು ಕಂಪನಿಯ ಹಳೇ 7, ಇನ್ನೊಂದರ ಹೊಸ 9 ಕೊಂಡರೆ ಎರಡೂ ಹತ್ತಿರ ಹತ್ತಿರ ಒಂದೇ ದೂರ ಹೋಗಿ, ಒಂದಕ್ಕೆ ಕೊಟ್ಟ ದುಡ್ಡು ದಂಡವಾಗುತ್ತದೆ. ವೆಜ್‌ಗಳಲ್ಲಿ ತೊಂದರೆ ಉಲ್ಟಾ. ಹಳೇ ಪಿಚಿಂಗ್ ವೆಜ್ 48 ಡಿಗ್ರಿ, ಹೊಸದು 44. ಸ್ಯಾಂಡ್ ವೆಜ್ ಮಾತ್ರ 56ರಲ್ಲೇ ನಿಂತಿದೆ. ನಡುವೆ 12 ಡಿಗ್ರಿ ಖಾಲಿ. ಕುಳಿಗೆ ನೂರು ಗಜದೊಳಗೆ ಬಂದಾಗ ಒಂದು ಕ್ಲಬ್ ದಾಟಿ ಹೋಗುತ್ತದೆ, ಇನ್ನೊಂದು ಮುಟ್ಟುವುದೇ ಇಲ್ಲ. ನಿಮ್ಮ ಪಿಚಿಂಗ್ ವೆಜ್ 44, 45 ಆಗಿದ್ದರೆ ಸ್ಯಾಂಡ್ ವೆಜ್ 54ರದ್ದನ್ನೇ ಹುಡುಕಿ, ಇಲ್ಲವೇ ಎಂಟನೆಯ ಕ್ಲಬ್ಬಾಗಿ 50 ಡಿಗ್ರಿಯದೊಂದನ್ನು ಸೇರಿಸಿ. ಯಾವ ಮಾದರಿಗೆ ಎಷ್ಟು ಲಾಫ್ಟ್ ಎಂಬುದನ್ನು ತಯಾರಕರು ಪ್ರಕಟಿಸಿರುತ್ತಾರೆ. ಮಾದರಿಯ ಹೆಸರನ್ನೂ ತಯಾರಾದ ವರ್ಷವನ್ನೂ ಕೇಳಿಕೊಂಡರೆ ಐದು ನಿಮಿಷದ ಕೆಲಸ.

ಇನ್ನು ಉದ್ದ. ಗಂಡಸರ 7 ಐರನ್ ಸಾಮಾನ್ಯವಾಗಿ 37 ಅಂಗುಲ, ಹೆಂಗಸರದ್ದು 36. ಗಂಡಸರ ಅಳತೆ ಐದೂಮುಕ್ಕಾಲು ಅಡಿ ಆಸುಪಾಸಿನ ಆಳಿನ ಲೆಕ್ಕದ್ದು. ಆಟಕ್ಕೆ ಹಾಕುವ ಬೂಟು ಹಾಕಿಕೊಂಡು, ಕೈ ಇಳಿಬಿಟ್ಟು ನೆಟ್ಟಗೆ ನಿಂತು, ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಬೇರೆಯವರಿಂದ ಅಳೆಸಿ. ಸುಮಾರು 34ರಿಂದ 36 ಅಂಗುಲ ಬಂದರೆ ಸಾಮಾನ್ಯ ಉದ್ದವೇ ಸರಿ. 32, 33 ಬಂದರೆ ಅರ್ಧ ಅಂಗುಲ ಕಡಿಮೆಯದ್ದು ಬೇಕು, 37 ದಾಟಿದರೆ ಅರ್ಧ ಹೆಚ್ಚು. ಉದ್ದದ ಕ್ಲಬ್ ಹಿಡಿದ ಕುಳ್ಳಗಿನವರ ಹೊಡೆತ ನೆಲಕ್ಕೆ ಮೊದಲು ತಾಗುತ್ತದೆ, ಇಲ್ಲವೇ ಚೆಂಡು ಮುಖದ ಹಿಮ್ಮಡಿಗೆ, ಅಂದರೆ ಕೋಲಿನ ಕಡೆಯ ತುದಿಗೆ, ಬಡಿಯುತ್ತದೆ. ಅರ್ಧ ಅಂಗುಲಕ್ಕಾದರೆ ಕತ್ತರಿಸುವ ಗೋಜು ಬೇಡ, ಅಷ್ಟು ಕೆಳಗೆ ಹಿಡಿದರಾಯಿತು, ಖರ್ಚಿಲ್ಲ. ಕತ್ತರಿಸಿದರೆ ತಲೆಯ ಭಾರ ಹಗುರವೆನಿಸಿ, ಶಾಫ್ಟ್ (ತಲೆಗೂ ಹಿಡಿಕೆಗೂ ನಡುವಿನ ಕೋಲು) ಕೂಡ ತುಸು ಬಿಗಿಯಾಗುತ್ತದೆ. ದೊಡ್ಡವರ ಕ್ಲಬ್ಬನ್ನು ಆರೇಳು ಅಂಗುಲ ಕತ್ತರಿಸಿ ಮಕ್ಕಳ ಕೈಗೆ ಕೊಡಬಾರದು ಎನ್ನುವುದು ಇದಕ್ಕೇ: ಕೋಲು ಕಬ್ಬಿಣದ ಸಲಾಕೆಯಂತಾಗುತ್ತದೆ, ತಲೆಯ ತೂಕ ಮಾತ್ರ ದೊಡ್ಡವರದ್ದೇ. ಮಕ್ಕಳಿಗೆ ಎತ್ತರ ನೋಡಿ ಕೊಡುವ ಮಕ್ಕಳ ಕ್ಲಬ್ ಮೂರು ಇದ್ದರೆ ಸಾಕು.

ಉದ್ದಕ್ಕಿಂತ ಸೂಕ್ಷ್ಮವಾದದ್ದು ಲೈ, ಅಂದರೆ ಕ್ಲಬ್ಬಿನ ತಳ ನೆಲಕ್ಕೆ ಕೂರುವ ಕೋನ. ಬಲಗೈ ಆಟಗಾರರಿಗೆ ಕ್ಲಬ್ಬಿನ ಮೂತಿ, ಅಂದರೆ ತಲೆಯ ಹೊರತುದಿ, ಮೇಲೆದ್ದಿದ್ದರೆ ಚೆಂಡು ಎಡಕ್ಕೆ, ಮೂತಿ ನೆಲಕ್ಕೆ ಕುಸಿದಿದ್ದರೆ ಬಲಕ್ಕೆ. ತಿಂಗಳುಗಟ್ಟಲೆ ತಮ್ಮ ಸ್ವಿಂಗನ್ನೇ (ಕ್ಲಬ್ ಬೀಸುವ ರೀತಿಯನ್ನೇ) ಬೈದುಕೊಳ್ಳುವವರಲ್ಲಿ ಕೆಲವರದ್ದಾದರೂ ತಪ್ಪು ಕ್ಲಬ್ಬಿನದ್ದಿರುತ್ತದೆ. ಪರೀಕ್ಷೆ ಸುಲಭ. ಚೆಂಡಿನ ಮೇಲೆ ಮಾರ್ಕರ್ ಪೆನ್ನಿನಿಂದ ದಪ್ಪ ಗೆರೆ ಎಳೆದು, ಆ ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖಕ್ಕೆ ಎದುರಾಗುವಂತೆ ಇಟ್ಟು, ಶಾಯಿ ಆರುವ ಮುನ್ನ ಹೊಡೆಯಿರಿ. ಮುಖದ ಮೇಲೆ ಗೆರೆಯ ಅಚ್ಚು ಬೀಳುತ್ತದೆ. ಅಡ್ಡ ತೋಡುಗಳಿಗೆ ಲಂಬವಾಗಿದ್ದರೆ ಸರಿ. ಅಚ್ಚಿನ ಮೇಲ್ತುದಿ ಮೂತಿಯ ಕಡೆ ವಾಲಿದ್ದರೆ ಕ್ಲಬ್ ನಿಮಗೆ ಅತಿಯಾಗಿ ನೆಟ್ಟಗಾಯಿತು, ಮೂತಿ ಮೇಲೆದ್ದಿದೆ. ಹಿಮ್ಮಡಿಯ ಕಡೆ ವಾಲಿದ್ದರೆ ಅತಿಯಾಗಿ ಚಪ್ಪಟೆಯಾಯಿತು, ಮೂತಿ ಕುಸಿದಿದೆ. ಒಂದೇ ಹೊಡೆತ ನಂಬಬೇಡಿ, ಐದಾರು ನೋಡಿ. ಫೋರ್ಜ್ ಮಾಡಿದ, ಅಂದರೆ ಬಡಿದು ರೂಪಿಸಿದ, ಮೆದು ಉಕ್ಕಿನ ತಲೆಯನ್ನು ತಿಳಿದವರು ಬಗ್ಗಿಸಿ ಸರಿಪಡಿಸುತ್ತಾರೆ. ಎರಕದ ತಲೆ ಒಂದೆರಡು ಡಿಗ್ರಿಗಿಂತ ಹೆಚ್ಚು ಬಗ್ಗಿಸಹೋದರೆ ಕುತ್ತಿಗೆಯಲ್ಲಿ ಬಿರುಕು ಬಿಡಬಹುದು. ಪಿಂಗ್ ಕಂಪನಿಯ ಹಳೇ ಐರನ್‌ ಕೊಳ್ಳುವವರಿಗೆ ಒಂದು ಅನುಕೂಲ: ತಲೆಯ ಮೇಲಿನ ಚುಕ್ಕೆಯ ಬಣ್ಣವೇ ಲೈ ಹೇಳುತ್ತದೆ. ಕಪ್ಪು ಸಾಮಾನ್ಯ, ನೀಲಿ ಮತ್ತು ಹಸಿರು ನೆಟ್ಟಗಿನವು, ಕೆಂಪು ಚಪ್ಪಟೆ. ಐದೂವರೆ ಅಡಿಯವರು 'ಅಗ್ಗಕ್ಕೆ ಸಿಕ್ಕಿತು' ಎಂದು ಹಸಿರು ಚುಕ್ಕೆಯದ್ದನ್ನು ತಂದರೆ ಚೆಂಡು ಎಡಕ್ಕೇ ಹೋಗುತ್ತಿರುತ್ತದೆ.

ಶಾಫ್ಟ್ ಆಯ್ಕೆಯಲ್ಲಿ ಹಮ್ಮು ಬೇಡ. ಸ್ಟಿಫ್ (ಬಿಗಿ) ಎಂದು ಬರೆದದ್ದನ್ನು ಗಂಡಸುತನದ ಗುರುತೆಂದು ಕೊಳ್ಳುವವರು ಬೇಕಾದಷ್ಟು ಜನ. 7 ಐರನ್ ಗಾಳಿಯಲ್ಲಿ 120ರಿಂದ 145 ಗಜ ಹೋಗುತ್ತಿದ್ದರೆ ರೆಗ್ಯುಲರ್, ಅದಕ್ಕಿಂತ ಕಡಿಮೆಯಿದ್ದರೆ ಸೀನಿಯರ್ ಅಥವಾ ಲೇಡೀಸ್, ಹೆಚ್ಚಿದ್ದರೆ ಮಾತ್ರ ಸ್ಟಿಫ್. ಬಿಗಿ ಹೆಚ್ಚಾದರೆ ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ 150 ಗಜ ಹೋದದ್ದು ಮಂಗಳೂರಿನಲ್ಲಿ ಐದಾರು ಗಜ ಕಡಿಮೆಯೇ ಹೋದೀತು ಎಂಬುದು ಲೆಕ್ಕದಲ್ಲಿರಲಿ. ಐರನ್‌ನ ಉಕ್ಕಿನ ಶಾಫ್ಟ್ ನೂರು ಗ್ರಾಂ ಆಚೀಚೆ, ಹಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ಗ್ರಾಫೈಟ್ 50ರಿಂದ 80. ಅರವತ್ತು ದಾಟಿದವರಿಗೆ, ಮೊಣಕೈ ನೋವಿರುವವರಿಗೆ ಗ್ರಾಫೈಟಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಉಳಿದವರಿಗೆ ಉಕ್ಕು ಸಾಕು, ಅಗ್ಗವೂ ಹೌದು.

ಬಳಸಿದ ಕ್ಲಬ್ಬನ್ನು ಮಲೆನಾಡಿನಲ್ಲಿ ಕೊಳ್ಳುವಾಗ ಮಳೆಯನ್ನು ನೆನೆದೇ ನೋಡಬೇಕು. ಅಟ್ಟದಲ್ಲಿ ಒಂದೆರಡು ಮಳೆಗಾಲ ಕಳೆದ ಸೆಟ್ ಮೇಲೆ ಹೊಳೆಯುತ್ತಿದ್ದರೂ, ತಲೆ ಮತ್ತು ಶಾಫ್ಟ್ ಸೇರುವಲ್ಲಿ ಕಪ್ಪು ಬಳೆಯ ಸಂದಿನಲ್ಲಿ ನೀರಿಳಿದು ಉಕ್ಕಿನ ಶಾಫ್ಟ್ ಒಳಗಿನಿಂದ ತುಕ್ಕು ತಿಂದಿರಬಹುದು. ಅಂಥದ್ದು ಒಂದು ದಿನ ಹೊಡೆತದ ನಡುವೆ ಮುರಿದು ತಲೆ ಹಾರುತ್ತದೆ. ಕಪ್ಪು ಬಳೆ ಜಾರಿದೆಯೇ, ಸಂದಿನಲ್ಲಿ ಕೆಂಪು ಪುಡಿ ಉದುರುತ್ತದೆಯೇ ನೋಡಿ. ತಲೆ ಹಿಡಿದು, ಹಿಡಿಕೆಯನ್ನು ಬಟ್ಟೆ ಹಿಂಡಿದಂತೆ ತಿರುಚಿ. ಕಿರ್ರೆಂದರೆ ಅಂಟು ಬಿಟ್ಟಿದೆ. ಅಂಟು ಮಾತ್ರ ಬಿಟ್ಟಿದ್ದರೆ ಎರಡು ಟ್ಯೂಬಿನ ಎಪಾಕ್ಸಿ ಹಾಕಿ ಒಂದು ದಿನ ಒಣಗಿಸಿದರೆ ಆಯಿತು. ಗ್ರಾಫೈಟ್ ಶಾಫ್ಟಿನ ಮೇಲೆ ಉಗುರಾಡಿಸಿ, ಎಲ್ಲಾದರೂ ಸಿಕ್ಕಿಕೊಂಡರೆ ಅದು ಬಣ್ಣದ ಗೀರೋ ನಾರಿನ ಬಿರುಕೋ ಎಂದು ಬೆಳಕಿನಲ್ಲಿ ನೋಡಿ. ಬಿರುಕಾದರೆ ಪುಕ್ಕಟೆ ಕೊಟ್ಟರೂ ಬೇಡ. ಡ್ರೈವರ್ ತಲೆಯ ಮೇಲ್ಭಾಗದ ಗೀರುಗಳಿಂದ ಆಟಕ್ಕೆ ತೊಂದರೆಯಿಲ್ಲ, ಬೆಲೆ ಇಳಿಸಲು ಅವು ಒಳ್ಳೆಯ ನೆಪ. ಮುಖ ಟೈಟೇನಿಯಂ ಎಂದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ಟೈಟೇನಿಯಂ ಅಲ್ಲ, ನಕಲಿ ಎಂದೇ ಅನುಮಾನಿಸಿ. ಐರನ್‌ನ ತೋಡು ಸವೆದಿದ್ದರೆ ಅಷ್ಟು ಚಿಂತೆಯಿಲ್ಲ, ವೆಜ್‌ನದ್ದು ಸವೆದಿದ್ದರೆ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಮೇಲೆ ನಿಲ್ಲುವುದಿಲ್ಲ. ಅಜ್ಜನ ಕಾಲದ ಮರದ ತಲೆಯ ವುಡ್ ಸಿಕ್ಕರೆ ಗೋಡೆಗೆ ತೂಗುಹಾಕಿ, ಚೆಂದ ಕಾಣುತ್ತದೆ.

ಹಳೇ ಕ್ಲಬ್ಬಿಗೆ ಹೊಸ ಗ್ರಿಪ್, ಅಂದರೆ ಹಿಡಿಕೆಯ ರಬ್ಬರು ಹೊದಿಕೆ, ಕಡ್ಡಾಯ. ರಬ್ಬರು ಗಟ್ಟಿಯಾಗಿ ಜಾರುವಾಗ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ಸ್ವಿಂಗ್ ಕೆಡುತ್ತದೆ. ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳ ತುದಿ ಅಂಗೈ ಉಬ್ಬನ್ನು ಹಗುರಾಗಿ ಮುಟ್ಟಬೇಕು. ಒತ್ತಿ ಕೂತರೆ ಸಣ್ಣದು, ಮುಟ್ಟದಿದ್ದರೆ ದಪ್ಪ. ಕೆಲವು ನೂರು ರೂಪಾಯಿಯ ಈ ಕೆಲಸ ಮನೆಯಲ್ಲೇ ಆಗುತ್ತದೆ: ಹಳೆಯದನ್ನು ಕೊಕ್ಕೆ ಬ್ಲೇಡಿನಿಂದ ಸೀಳಿ ತೆಗೆದು, ಅಂಟು ಕೆರೆದು, ಎರಡೂ ಬದಿ ಅಂಟಿರುವ ಟೇಪ್ ಸುತ್ತಿ, ಹೊಸ ಗ್ರಿಪ್ಪಿನ ತುದಿಯ ತೂತು ಮುಚ್ಚಿ ಒಳಗೆ ವೈಟ್ ಸ್ಪಿರಿಟ್ (ಬಣ್ಣ ತೆಳುಮಾಡುವ ದ್ರವ) ಸುರಿದು ಅಲುಗಾಡಿಸಿ, ಅದನ್ನೇ ಟೇಪಿನ ಮೇಲೂ ಸುರಿದು ಒಂದೇ ಉಸಿರಿಗೆ ತಳ್ಳಿ. ಅರ್ಧಕ್ಕೆ ನಿಂತರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಗ್ರಾಫೈಟ್ ಶಾಫ್ಟಿಗೆ ಸಾದಾ ಬ್ಲೇಡು ಬೇಡ, ನಾರು ಕುಯ್ಯುತ್ತದೆ. ಬೆಂಕಿ, ಬೀಡಿ ಹತ್ತಿರ ಬರಕೂಡದು. ಒಂದು ರಾತ್ರಿ ಒಣಗಲಿ.

ಸ್ಯಾಂಡ್ ವೆಜ್ ಕೊಳ್ಳುವಾಗ ಬೌನ್ಸ್ ಎಂಬ ಇನ್ನೊಂದು ಅಂಕಿ ನೋಡಿ. ತಳದ ಉಬ್ಬಿನ ಅಳತೆ ಅದು. ಮಾರ್ಚ್‌ನ ಗಟ್ಟಿ ಕೆಂಪು ನೆಲಕ್ಕೆ 6 ಚೆನ್ನ, ಜುಲೈನ ಕೆಸರಿಗೆ 12 ಚೆನ್ನ. ಎರಡು ಕೊಳ್ಳುವ ಬದಲು 10ರದ್ದೊಂದು ಎರಡೂ ಕಾಲಕ್ಕೆ ಸುಧಾರಿಸಿಕೊಳ್ಳುತ್ತದೆ. ಪಟರ್‌ಗೆ ಹೆಸರು ನೋಡಿ ದುಡ್ಡು ಸುರಿಯಬೇಕಿಲ್ಲ. ಬಾಗಿ ನಿಂತಾಗ ಕಣ್ಣು ಚೆಂಡಿನ ಮೇಲೇ ಬರುವಂತಿದ್ದರೆ 33 ಅಂಗುಲದ್ದಾದರೂ 35ರದ್ದಾದರೂ ಸರಿ. ಮೈದಾನ ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆಯೇ ಪಾರ್; 72 ಪಾರ್‌ನ ಲೆಕ್ಕದಲ್ಲಿ 36 ಹೊಡೆತ ಪಟರ್‌ನದ್ದೇ, ಆದ್ದರಿಂದ ಅಂಗಡಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಅದರ ಜೊತೆ. ಎಡಗೈಯವರಿಗೆ ಬಳಸಿದ ಮಾಲು ಸಿಗುವುದು ಕಷ್ಟ, ಕಾಯಬೇಕು. ಬಲಗೈ ಕ್ಲಬ್ಬಿಗೆ ಒಗ್ಗಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ.

ಕೈಯಲ್ಲಿ 25,000 ರೂಪಾಯಿ ಇದ್ದರೆ ಎರಡು ಐರನ್‌ ಮತ್ತು ಎರಡು ವೆಜ್‌ಗೆ ಹನ್ನೊಂದು, ವುಡ್ ಮತ್ತು ಹೈಬ್ರಿಡ್‌ಗೆ ಎಂಟು, ಪಟರ್‌ಗೆ ಮೂರು ಸಾವಿರ ಎಂದು ಹಂಚಿ, ಉಳಿದ ಮೂರು ಸಾವಿರ ಗ್ರಿಪ್ಪಿಗೂ ರಿಪೇರಿಗೂ ಮುಟ್ಟದೆ ಇಡಿ. ಆ ಕೊನೆಯ ಮೂರು ಸಾವಿರವನ್ನೂ ಕ್ಲಬ್ಬಿಗೇ ಸುರಿದವರ ಸೆಟ್ಟೇ ಮತ್ತೆ ಮಾರಾಟಕ್ಕೆ ಬರುವುದು.

ಗಾಲ್ಫ್ ಮೈದಾನ ನಡೆಸುವವರಲ್ಲಿ ಒಂದು ಕೋರಿಕೆ. ಸದಸ್ಯರು ಬಿಟ್ಟುಕೊಡುವ ಕ್ಲಬ್‌ಗಳಿಗಾಗಿ ಒಂದು ಫಲಕ ಹಾಕಲಿ. ಅದರಲ್ಲಿ ಬೆಲೆಯ ಪಕ್ಕದಲ್ಲೇ ಲಾಫ್ಟ್, ಉದ್ದ, ಶಾಫ್ಟ್ ಬಗೆ, ತಯಾರಾದ ವರ್ಷ ಈ ನಾಲ್ಕನ್ನೂ ಬರೆಯುವುದು ಕಡ್ಡಾಯವಾಗಲಿ. ಕೊಳ್ಳುವ ಮುನ್ನ ಇಪ್ಪತ್ತು ಚೆಂಡು ಹೊಡೆದು ನೋಡಲು ಅವಕಾಶವಿರಲಿ. ಜೂನ್ ಮಳೆ ಹಿಡಿಯುವ ಮೊದಲೇ ಈ ಕೆಲಸವಾದರೆ, ಅಟ್ಟ ಸೇರಲಿರುವ ಒಂದಷ್ಟು ಸೆಟ್‌ಗಳು ಹುಡುಗರ ಕೈ ಸೇರುತ್ತವೆ.

ಇಂತಿ,
ಓದುಗ, ಚಿಕ್ಕಮಗಳೂರು