ಪರಿಸರ ವರದಿ ಪೂರ್ತಿ ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ಪರಿಸರ ದಿನದಂದು ನಿಮ್ಮ ಪತ್ರಿಕೆಯಲ್ಲಿ ‘ಪರಿಸರ ನ್ಯಾಯ’ ಎಂಬ ತಲೆಬರಹ ಇತ್ತು. ಕೆಳಗೆ ಸಸಿ ನೆಡುವ ಚಿತ್ರ. ಸಸಿ ನೆಡಲಿ, ಬೇಡ ಅನ್ನುವವರು ಯಾರು? ಆದರೆ ಆ ಮಾತಿನ ಅರ್ಥ ಅದಲ್ಲ. ಒಂದು ಯೋಜನೆಯ ಲಾಭ ಯಾರ ಪಾಲಿಗೆ, ಅದರ ಕೊಳೆ ಮತ್ತು ನಷ್ಟ ಯಾರ ಅಂಗಳಕ್ಕೆ? ತೀರ್ಮಾನ ಮಾಡುವ ಮೊದಲು ಆ ಅಂಗಳದವರನ್ನು ಕೇಳಿದರಾ? ಪರಿಸರ ನ್ಯಾಯ ಅಂದರೆ ಈ ಪ್ರಶ್ನೆಗಳು. 1982ರಲ್ಲಿ ಅಮೆರಿಕದ ವಾರೆನ್ ಕೌಂಟಿಯಲ್ಲಿ ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಕಪ್ಪು ಜನ ಜಾಸ್ತಿ ಇರುವ ಜಾಗದಲ್ಲಿ ಹೂಳಲು ತಂದಾಗ ಜನ ಲಾರಿಗಳಿಗೆ ಅಡ್ಡ ಮಲಗಿದರು. ಈ ಮಾತು ದೊಡ್ಡದಾಗಿ ಕೇಳತೊಡಗಿದ್ದು ಅಲ್ಲಿಂದ. ಮರುವರ್ಷವೇ, 1983ರಲ್ಲಿ, ನಮ್ಮ ಶಿರಸಿ ಕಡೆಯ ಸಾಲ್ಕಣಿಯವರು ಮರ ಅಪ್ಪಿಕೊಂಡು ನಿಂತರು. ಅವರು ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ.

ನಾನು ಕುಮಟಾದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಕಾನೂನು ಓದಿದವನಲ್ಲ. ಕಾನೂನಿನ ಕಾಗದಗಳು ದಿನಾ ಕೈ ಮೇಲೆ ಹೋಗುತ್ತವೆ, ಅಷ್ಟೇ. ಸ್ವಲ್ಪ ದಿನದ ಹಿಂದೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ತೆಗೆಯುವ ಒಬ್ಬರು ಅಕ್ಕ ಬಂದರು. ಕೈಯಲ್ಲಿ ಒಂದು ಯೋಜನೆಯ ಪರಿಸರ ವರದಿಯ ಕನ್ನಡ ಸಾರಾಂಶ. “ತಮಾ, ನಮ್ಮ ಬೆಳಚಿನ ಬಗ್ಗೆ ಎಂತ ಬರ್ದಿದಾರೆ ನೋಡು” ಅಂದರು. ಹುಡುಕಿದೆ. ‘ಮೀನುಗಾರಿಕೆಯ ಮೇಲೆ ಗಣನೀಯ ಪರಿಣಾಮ ಇರುವುದಿಲ್ಲ’ ಎಂಬ ಒಂದೇ ಸಾಲು. ಓದಿ ಹೇಳಿದೆ. ಅವರು ಕೇಳಿದರು: “ಗಣನೀಯ ಅಂದ್ರೆ ಎಷ್ಟು ಬುಟ್ಟಿ?”

ನನಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಇಂಗ್ಲಿಷ್ ವರದಿ ತೆರೆದೆವು. ಹೊರೆ ಕಟ್ಟುವಷ್ಟು ದಪ್ಪ. ಹೂಳು, ಅಲೆ, ಉಪ್ಪಿನಂಶ ಎಂದು ಕೋಷ್ಟಕದ ಮೇಲೆ ಕೋಷ್ಟಕ. ಪಿಯುಸಿವರೆಗಿನ ನನ್ನ ಇಂಗ್ಲಿಷ್ ಅರ್ಧ ದಾರಿಯಲ್ಲೇ ಕೈ ಕೊಟ್ಟಿತು. ಕೊನೆಗೂ ಬೆಳಚು ಸಿಕ್ಕಿತು, ಜೀವಿಗಳ ಪಟ್ಟಿಯೊಂದರಲ್ಲಿ, ಲ್ಯಾಟಿನ್ ಹೆಸರು ಹೊತ್ತುಕೊಂಡು. ಅದನ್ನು ನಂಬಿ ಬದುಕುವ ಹೆಂಗಸರ ಸುದ್ದಿ ಎಲ್ಲೂ ಕಾಣಲಿಲ್ಲ.

ಕಾನೂನು ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಯೋಜನೆಯ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಒಂದು ದೊಡ್ಡ ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ. ಪತ್ರಿಕೆ ತಲುಪದ ಊರಿಗೆ ಡಂಗುರ ಹೊಡೆಸಿ ಎಂದೂ ಅದರಲ್ಲಿದೆ! ಸಭೆಯನ್ನು ಪೂರ್ತಿ ವಿಡಿಯೋ ಮಾಡಬೇಕು. ಮುಗಿಯುವಾಗ ಯಾರು ಏನು ಹೇಳಿದರು ಎಂಬುದನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಸಭೆಗೆ ಹೋಗುವವರು ಇದೊಂದನ್ನು ಮರೆಯಬೇಡಿ. ಓದಿ ಹೇಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ತೂತು ಇರುವುದು ಬೇರೆ ಕಡೆ. ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದ್ದು ಸಾರಾಂಶ ಮಾತ್ರ. ಲೆಕ್ಕ, ನಕ್ಷೆ, ಮಾದರಿ ತೆಗೆದ ಜಾಗ, ಯಾವ ತಿಂಗಳಲ್ಲಿ ತೆಗೆದರು ಎಂಬ ವಿವರ, ಎಲ್ಲವೂ ಇಂಗ್ಲಿಷ್‌ನಲ್ಲೇ ಉಳಿಯುತ್ತದೆ. ತಿಂಗಳು ಮುಖ್ಯ ಅಲ್ವಾ? ಮಳೆಗಾಲದ ಅಳಿವೆ ಬೇರೆ, ಬೇಸಿಗೆಯ ಅಳಿವೆ ಬೇರೆ. ಈ ತಪ್ಪು ಹಿಡಿಯಲು ವಿಜ್ಞಾನಿ ಬೇಕಾಗಿಲ್ಲ, ಆ ಅಕ್ಕನೇ ಸಾಕು. ಆದರೆ ಅವರಿಗೆ ಓದಲು ಸಿಗಬೇಕಲ್ಲ.

ಆಮೇಲಿನ ಸಭೆಗೆ ಆ ಅಕ್ಕನೂ ಹೋಗಿದ್ದರು. ಹೂಳೆತ್ತಿದರೆ ಬೆಳಚು ಹೋಗುತ್ತದೆ ಅಂದಾಗ ವೇದಿಕೆಯಿಂದ ಬಂದ ಪ್ರಶ್ನೆ, “ದಾಖಲೆ ಇದೆಯಾ?” ನನಗೆ ಸಿಟ್ಟು ಬಂದದ್ದು ಇಲ್ಲೇ. ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿಬಿಟ್ಟಿದೆ. ಹಾಳು ಮಾಡಿದವನೇ ದುಡ್ಡು ತೆರಬೇಕು. ಹಾನಿ ಆಗಬಹುದು ಅನ್ನಿಸಿದರೆ ಮೊದಲೇ ಎಚ್ಚರ ವಹಿಸಬೇಕು. ಹಾನಿ ಆಗುವುದಿಲ್ಲ ಎಂದು ತೋರಿಸುವ ಹೊಣೆ ಯೋಜನೆ ತರುವವನದು. ಹಾಗಿದ್ದಮೇಲೆ ದಾಖಲೆಯನ್ನು ಬುಟ್ಟಿ ಹೊತ್ತವರ ಹತ್ತಿರ ಕೇಳುವುದು ಯಾವ ಲೆಕ್ಕ?

ಭಾಷೆಯ ಜಗಳ ಹೊಸದೇನಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಇದೇ ಅಧಿಸೂಚನೆಗೆ ಹೊಸ ಕರಡು ತಂದಿತು. ನೋಟಿಸಿನ 30 ದಿನವನ್ನು 20ಕ್ಕೆ ಇಳಿಸುವ ಮಾತು ಅದರಲ್ಲಿತ್ತು. ಆ ಕರಡನ್ನೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆಗ ಆದೇಶ ಕೊಟ್ಟಿತು. ಕಾನೂನಿನ ಕರಡಿಗೇ ಅನುವಾದ ಬೇಕು ಎಂದಮೇಲೆ, ನಮ್ಮ ಹೊಳೆ ಬಾಗಿಲಿಗೆ ಬರುವ ಯೋಜನೆಯ ವರದಿಗೆ ಯಾಕೆ ಬೇಡ?

ಇನ್ನೊಂದು ವಿಷಯ ಕೆಣಕದಿದ್ದರೆ ನಮ್ಮ ಕಡಲ ಕೇರಿಯವರು ಬೈಯುತ್ತಾರೆ. ಕರಾವಳಿ ನಿಯಂತ್ರಣ ವಲಯದ ನಿಯಮ, ಎಲ್ಲರ ಬಾಯಲ್ಲಿ ಸಿಆರ್‌ಝಡ್. 2019ರ ಅಧಿಸೂಚನೆಯಂತೆ ಜನದಟ್ಟಣೆ ಕಡಿಮೆ ಇರುವ ಹಳ್ಳಿಗಳ ಕಡಲತಡಿಯಲ್ಲಿ ಭರತದ (ಉಬ್ಬರದ) ಗೆರೆಯಿಂದ 200 ಮೀಟರ್ ಸಾಮಾನ್ಯವಾಗಿ ಹೊಸ ಕಟ್ಟಡ ಏಳುವಂತಿಲ್ಲ. ಕಡಲು ಉಳಿಯಬೇಕಾದರೆ ಅದು ಬೇಕು, ನನ್ನ ತಕರಾರಿಲ್ಲ. ಆದರೆ ಬಂದರು, ಜೆಟ್ಟಿ ‘ನೀರಂಚಿನಲ್ಲೇ ಇರಬೇಕಾದವು’ ಎಂದು ಅನುಮತಿ ಪಡೆದು ಬರಬಹುದು. ದೋಣಿ ಎಳೆಯುವವನ ಮನೆಯೂ ನೀರಂಚಿನಲ್ಲೇ ಇರಬೇಕಾದ್ದು. ಒಂದು ಕೋಣೆ ಹೆಚ್ಚಿಸಲು ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅವನ ಅರ್ಜಿಯ ಜೆರಾಕ್ಸ್ ಎಷ್ಟು ಸಲ ತೆಗೆದಿದ್ದೇನೋ ನನಗೇ ಲೆಕ್ಕವಿಲ್ಲ.

ಘಟ್ಟದ ಮೇಲಿನವರ ಪಾಡು ಇನ್ನೊಂದು ನಮೂನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ಜಾಗದ ಹಕ್ಕು ಕೇಳುವ ಬುಡಕಟ್ಟಿನವರಲ್ಲದವರು 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಅದಕ್ಕೆ ಕಾಗದವೇ ಬೇಕು ಅಂದುಕೊಂಡು ಎಷ್ಟೋ ಜನ ಅರ್ಜಿ ಕೈಬಿಟ್ಟಿದ್ದಾರೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಟ್ಟರೆ ಅದೂ ಸಾಕ್ಷ್ಯ ಎಂದು ಅದರ ನಿಯಮಗಳಲ್ಲೇ ಇದೆ. ಇದನ್ನು ದಯವಿಟ್ಟು ಒಮ್ಮೆ ದಪ್ಪ ಅಕ್ಷರದಲ್ಲಿ ಹಾಕಿ.

ಪರಿಸರ ಅನುಮತಿ ಕೊಟ್ಟಾದ ಮೇಲೆ ಬಾಗಿಲು ಮುಚ್ಚಿತು ಅಂದುಕೊಳ್ಳುವವರೂ ಇದ್ದಾರೆ. ಇಲ್ಲ. 2010ರ ಕಾಯ್ದೆಯಿಂದ ಬಂದ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು, ನಮಗೆ ಹತ್ತಿರದ್ದು ಚೆನ್ನೈ ಪೀಠ. ಅವಧಿ 30 ದಿನ. ತಕ್ಕ ಕಾರಣ ಇದ್ದರೆ ಮತ್ತೆ 60 ದಿನ, ಅದಕ್ಕಿಂತ ಮುಂದಕ್ಕಿಲ್ಲ. ಆ 90 ದಿನದಲ್ಲಿ ಇಂಗ್ಲಿಷ್ ವರದಿ ಅರ್ಥ ಮಾಡಿಕೊಂಡು, ವಕೀಲರನ್ನು ಹುಡುಕಿ, ಚೆನ್ನೈ ಮುಟ್ಟಬೇಕು.

ಅದಕ್ಕೇ ನನ್ನ ಬೇಡಿಕೆ ಸಣ್ಣದು. ವರದಿ ಪೂರ್ತಿ ಕನ್ನಡದಲ್ಲಿ ಬರಲಿ. ನೋಟಿಸಿನ ದಿನವೇ ಗ್ರಾಮ ಪಂಚಾಯಿತಿಯಲ್ಲಿ ಸಿಗಲಿ. ಸಭೆಗೆ ಮೊದಲು ಒಂದು ದಿನ ಮೀನುಪೇಟೆ ಮುಗಿದ ಹೊತ್ತಿಗೆ ಯಾರಾದರೂ ಬಲ್ಲವರು ಓದಿ ಹೇಳಲಿ. ನಿಮ್ಮ ಪತ್ರಿಕೆಯೂ ಅಹವಾಲು ಸಭೆಯ ನೋಟಿಸನ್ನು ಟೆಂಡರ್ ಜಾಹೀರಾತುಗಳ ಸಂದಿಯಲ್ಲಿ ಹಾಕಿ ಸುಮ್ನಾಗದೆ, ಯಾವ ಊರಿಗೆ ಏನು ಬರುತ್ತಿದೆ ಎಂದು ಪಕ್ಕದಲ್ಲಿ ನಾಲ್ಕು ಸಾಲು ಬರೆಯಲಿ. ಕನ್ನಡ ವರದಿ ಬಂದ ದಿನ ಅಕ್ಕನಿಗೆ ನಮ್ಮ ಅಂಗಡಿಯ ಜೆರಾಕ್ಸ್ ಪುಕ್ಕಟೆ. ಉಳಿದವರಿಗೆ ಮಾಮೂಲಿ ರೇಟು.

ಇಂತಿ,
ಒಬ್ಬ ಓದುಗ, ಕುಮಟಾ